ಇಸಬೆಲ್ಲಾ ಬರ್ಡ್

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕುಲೀನ ಮನೆತನದ ಹೆಣ್ಣುಮಕ್ಕಳೂ ಕುದುರೆಸವಾರಿ ಕಲಿಯುತ್ತಿದ್ದರು. ಆದರೆ ಗಂಡಸರಂತೆ ಎರಡೂ ಪಕ್ಕಕ್ಕೆ ಕಾಲಿಳಿಸಿ ಕೂರುವುದು ಅವರಿಗೆ ನಿಷಿದ್ಧವಾಗಿತ್ತು. ಎರಡು ಕಾಲುಗಳೂ ಕುದುರೆಯ ಎಡಮಗ್ಗುಲಿಗೇ ಇರಬೇಕು. ಬಲತೊಡೆಯನ್ನು ಜೀನಿನ ಮುಂಭಾಗದ ಕೊಂಬಿನ ಮೇಲೆ ಹಾಯಿಸಿ, ಎಡಪಾದವನ್ನು ಅಲ್ಲಿರುವ ಒಂದೇ ರಿಕಾಪಿನಲ್ಲಿಟ್ಟು, ಭುಜಗಳನ್ನು ಮುಂದಕ್ಕೆ ತಿರುಗಿಸಿ, ಬೆನ್ನನ್ನು ನೆಟ್ಟಗೆ ನಿಲ್ಲಿಸಬೇಕು. ಬಲಗಡೆ ಕಾಲು ಇಲ್ಲದ ಕಾರಣ ಆ ಬದಿಯ ಸಂಜ್ಞೆಯನ್ನು ಕೈಯ ಬೆತ್ತದಿಂದಲೇ ಕೊಡಬೇಕು. ಈ ಕಠಿಣ ವಿದ್ಯೆಗೆ ಬಾಲ್ಯದಿಂದ ಒಗ್ಗಿ, ನಡುವಯಸ್ಸಿನಲ್ಲಿ ಅದನ್ನು ತೊರೆದು ಬೇರೊಂದನ್ನು ಕಲಿತ ಧೀರೆಯೇ ಇಸಬೆಲ್ಲಾ ಬರ್ಡ್.

ಇಸಬೆಲ್ಲಾ 1831ರ ಅಕ್ಟೋಬರ್ 15ರಂದು ಯಾರ್ಕ್‌ಷೈರಿನ ಬರೋಬ್ರಿಜ್ ಎಂಬ ಊರಿನಲ್ಲಿ ಜನಿಸಿದಳು. ತಂದೆ ಎಡ್ವರ್ಡ್ ಬರ್ಡ್ ಪಾದ್ರಿಯಾಗಿದ್ದನು. ಆತನು ಮಗಳನ್ನು ಕುದುರೆಯ ಮೇಲೆ ತನ್ನೊಡನೆ ಕರೆದೊಯ್ಯುತ್ತಿದ್ದನು. ದಾರಿಯಲ್ಲಿ ಕಂಡ ಹೊಲ, ಪೈರು, ಗಿಡಮರಗಳ ವಿಷಯವಾಗಿ ಪ್ರಶ್ನಿಸುತ್ತಿದ್ದನು. ನೋಡಿದ್ದನ್ನು ನಿಖರವಾಗಿ ಹೇಳುವ ಅಭ್ಯಾಸ ಆಕೆಗೆ ಹೀಗೆ ಬಂದಿತು. ಆದರೆ ವಿಧಿ ಆಕೆಗೆ ಆರೋಗ್ಯವನ್ನು ಕೊಡಲಿಲ್ಲ. 1850ರಲ್ಲಿ, ಆಕೆಗೆ ಹದಿನೆಂಟು ವರ್ಷವಿದ್ದಾಗ, ಬೆನ್ನುಮೂಳೆಯ ಬಳಿಯಿದ್ದ ಗಡ್ಡೆಯೊಂದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಆದರೂ ಬೆನ್ನುನೋವು ಅವಳನ್ನು ಬಿಡಲಿಲ್ಲ. ಹಾಸಿಗೆಯೇ ಅನೇಕ ದಿನಗಳ ಸಂಗಾತಿಯಾಯಿತು. ಪ್ರವಾಸವೇ ಮದ್ದೆಂದು ವೈದ್ಯರು ಸೂಚಿಸಿದರು.

1873ರ ಜನವರಿಯಲ್ಲಿ ಇಸಬೆಲ್ಲಾ ಹವಾಯಿ ದ್ವೀಪಗಳಿಗೆ ಬಂದಿಳಿದಳು. ಆಗ ಆಕೆಯ ವಯಸ್ಸು ನಲವತ್ತೊಂದು. ಅಲ್ಲಿನ ಕಡಿದಾದ ಹಾದಿಗಳಲ್ಲಿ ಒಂದು ಪಕ್ಕಕ್ಕೆ ತಿರುಚಿ ಕುಳಿತು ಸಾಗುವಾಗ ಆಕೆಯ ಬೆನ್ನು ಸಹಿಸಲಾರದಷ್ಟು ನೋಯುತ್ತಿತ್ತು. ಪ್ರವಾಸವನ್ನೇ ಕೈಬಿಡಬೇಕೇ ಎಂಬ ಪ್ರಶ್ನೆ ಎದುರಾಯಿತು. ಆ ದ್ವೀಪದ ಸ್ತ್ರೀಯರಾದರೋ ಎರಡೂ ಬದಿಗೆ ಕಾಲಿಳಿಸಿ ಲೀಲಾಜಾಲವಾಗಿ ಸವಾರಿ ಮಾಡುತ್ತಿದ್ದರು. ಅಲ್ಲಿದ್ದವರ ಸಲಹೆಯಂತೆ ಆಕೆಯೂ ಸಂಕೋಚವನ್ನು ಬದಿಗೊತ್ತಿ ಮೆಕ್ಸಿಕೋ ಮಾದರಿಯ ಜೀನನ್ನೇರಿದಳು. ಬೆನ್ನಿನ ಭಾರ ಇಳಿದಂತಾಯಿತು. ರೋಗಿಯಾಗಿ ಬಂದವಳು ಕಿಲವೇಯ ಎಂಬ ಜ್ವಾಲಾಮುಖಿಯನ್ನು ಕಂಡಳು. 13,000 ಅಡಿಗೂ ಎತ್ತರವಾದ ಮೌನಲೋವವನ್ನು ಹತ್ತಿದಳು.

ಅದೇ ವರ್ಷ ಆಕೆ ಅಮೆರಿಕದ ರಾಕಿ ಪರ್ವತಗಳಲ್ಲಿ ಬರ್ಡಿ ಎಂಬ ಕುದುರೆಯನ್ನೇರಿ ನೂರಾರು ಮೈಲಿ ಸಂಚರಿಸಿದಳು. ಲೋಕಾಪವಾದದ ಭಯ ಆಕೆಗೆ ಇರಲಿಲ್ಲವೆಂದಲ್ಲ. ಊರು ಸಮೀಪಿಸಿದಾಗ ಉದ್ದನೆಯ ಲಂಗ ತೊಟ್ಟು ಒಂದು ಪಕ್ಕಕ್ಕೆ ಕೂರುವಳು. ಊರು ದಾಟಿದೊಡನೆ ಮತ್ತೆ ತನ್ನ ರೀತಿಗೆ ಮರಳುವಳು. ಆ ಪ್ರವಾಸದ ಕಥನವು 1879ರಲ್ಲಿ ಪ್ರಕಟವಾದಾಗ, ಆಕೆ ಗಂಡುಡುಪು ಧರಿಸಿದ್ದಳೆಂದು ಲಂಡನ್ನಿನ ಪತ್ರಿಕೆಯೊಂದು ಬರೆಯಿತು. ಇಸಬೆಲ್ಲಾ ಬಹಳವಾಗಿ ನೊಂದಳು. ತಾನು ತೊಟ್ಟದ್ದು ಕಣಕಾಲು ಮುಟ್ಟುವ ಲಂಗ ಹಾಗೂ ಅದರೊಳಗೆ ಸಡಿಲವಾದ ಷರಾಯಿ ಎಂದು ಮುಂದಿನ ಮುದ್ರಣದಲ್ಲಿ ವಿವರಣೆ ಸೇರಿಸಿದಳು. ಆದರೆ ಸವಾರಿಯ ರೀತಿಯನ್ನು ಬದಲಿಸಲಿಲ್ಲ.

1880ರಲ್ಲಿ ತಂಗಿ ಹೆನ್ರಿಯೆಟಾ, 1886ರಲ್ಲಿ ಪತಿ ಡಾಕ್ಟರ್ ಜಾನ್ ಬಿಷಪ್ ತೀರಿಕೊಂಡರು. ದುಃಖದಲ್ಲಿ ಕುಗ್ಗದೆ ಆಕೆ 1889ರಲ್ಲಿ ಭಾರತಕ್ಕೆ ಬಂದು ಕಾಶ್ಮೀರದಲ್ಲಿ ಪತಿಯ ಹೆಸರಿನಲ್ಲಿಯೂ ಅಮೃತಸರದಲ್ಲಿ ತಂಗಿಯ ಹೆಸರಿನಲ್ಲಿಯೂ ಆಸ್ಪತ್ರೆಗಳಿಗೆ ನೆರವಾದಳು. ಕುದುರೆಯ ಮೇಲೆ ಲಡಾಖಿನವರೆಗೆ ಸಾಗಿದಳು. 1892ರಲ್ಲಿ ಲಂಡನ್ನಿನ ರಾಯಲ್ ಭೂಗೋಳ ಸಂಘವು ಸದಸ್ಯತ್ವವಿತ್ತು ಗೌರವಿಸಿದ ಮೊದಲ ಮಹಿಳೆಯರಲ್ಲಿ ಆಕೆಯೂ ಒಬ್ಬಳು. ಎಪ್ಪತ್ತು ವರ್ಷ ಸಮೀಪಿಸಿದಾಗಲೂ, 1901ರಲ್ಲಿ, ಮೊರಾಕ್ಕೋ ದೇಶದಲ್ಲಿ ಕುದುರೆಯೇರಿ ಸಂಚರಿಸಿದಳು.

1904ರ ಅಕ್ಟೋಬರ್ 7ರಂದು ಎಡಿನ್‌ಬರೋ ನಗರದಲ್ಲಿ ಇಸಬೆಲ್ಲಾ ಬರ್ಡ್ ಕೊನೆಯುಸಿರೆಳೆದಳು. ತನ್ನ ನಾಡಿನ ರೂಢಿಯೇ ಶ್ರೇಷ್ಠವೆಂದು ಹಟ ಹಿಡಿದಿದ್ದರೆ ಆಕೆಯ ಬದುಕು ಹಾಸಿಗೆಯಲ್ಲಿಯೇ ಸವೆಯುತ್ತಿತ್ತೇನೋ. ದೂರದ ದ್ವೀಪದ ಹೆಂಗಸರಿಂದ ಕಲಿಯಲು ನಾಚದಿದ್ದುದರಿಂದ ಆಕೆಗೆ ಜಗತ್ತೇ ದಾರಿಯಾಯಿತು.