ಮೂಕರಿಗೊಂದು ಪತ್ರಿಕೆ

ಅಂಬೇಡ್ಕರ್ ಅಂದಕೂಡಲೇ ನಮಗೆ ನೆನಪಾಗುವುದು ಸಂವಿಧಾನ. ಅವರು ಇದೇ ಮುಂಬಯಿಯಲ್ಲಿ ಕಾಮರ್ಸ್ ಕಾಲೇಜಿನ ಮೇಷ್ಟ್ರಾಗಿದ್ದರು, ಪತ್ರಿಕೆಯನ್ನೂ ನಡೆಸಿದರು ಅನ್ನುವುದು ನಮ್ಮಂಥ ಕಾಮರ್ಸ್ ಹುಡುಗರಿಗೇ ಗೊತ್ತಿಲ್ಲ. ಅದಕ್ಕೇ ಈ ನಾಲ್ಕು ಮಾತು.

1891ರ ಏಪ್ರಿಲ್ 14ರಂದು ಮಹೂವಿನಲ್ಲಿ ಹುಟ್ಟಿದ ಭೀಮರಾವ್ ಸಾತಾರಾದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ಅದೇ ಹುಡುಗ 1912ರಲ್ಲಿ ಬಿ.ಎ. ಮುಗಿಸಿ, 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕನಾದ. ಪಾಠ ಕೇಳಲು ಬೇರೆ ಕಾಲೇಜಿನ ಹುಡುಗರೂ ಬರುತ್ತಿದ್ದರಂತೆ. ಆದರೂ ಅಧ್ಯಾಪಕರ ಕೊಠಡಿಯ ಹೂಜಿ ಮುಟ್ಟಿದರೆ ಕೆಲವು ಸಹೋದ್ಯೋಗಿಗಳ ಆಕ್ಷೇಪ! ಎಷ್ಟು ಓದಿದರೂ ನೀರಿನ ಕತೆ ಬದಲಾಗಲಿಲ್ಲ ನೋಡಿ.

ಆಗ ಮುಂಬಯಿಯಲ್ಲಿ ಪತ್ರಿಕೆಗಳಿಗೇನೂ ಕೊರತೆಯಿರಲಿಲ್ಲ. ಆದರೆ ಅಸ್ಪೃಶ್ಯರ ಸುದ್ದಿಗೆ ಅವುಗಳಲ್ಲಿ ಜಾಗವಿರಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ಕೊಟ್ಟ 2,500 ರೂಪಾಯಿಯಿಂದ 1920ರ ಜನವರಿ 31ರಂದು 'ಮೂಕನಾಯಕ' ಎಂಬ ಮರಾಠಿ ಪಾಕ್ಷಿಕ ಹೊರಬಂತು. ಹಣ ಕೊಡುತ್ತೇವೆಂದರೂ 'ಕೇಸರಿ' ಅದರ ಜಾಹೀರಾತನ್ನು ಹಾಕಲಿಲ್ಲ. ಅಂಬೇಡ್ಕರ್ ಸರಕಾರಿ ಕಾಲೇಜಿನ ನೌಕರರು, ಹಾಗಾಗಿ ಸಂಪಾದಕರ ಜಾಗದಲ್ಲಿ ಪಾಂಡುರಂಗ ಭಟ್ಕರ್ ಅವರ ಹೆಸರಿತ್ತು. ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆದವರು ಇಲ್ಲಿ ತಮ್ಮ ಜನಕ್ಕೆ ತಿಳಿಯುವ ಭಾಷೆಯಲ್ಲೇ ಬರೆದರು. ಒಂದು ಜಾತಿಯ ಹಿತವನ್ನಷ್ಟೇ ನೋಡುವ ಪತ್ರಿಕೆ, ತಾನಿರುವ ಹಡಗಿಗೆ ತಾನೇ ತೂತು ಕೊರೆದಂತೆ ಎಂಬುದು ಮೊದಲ ಸಂಚಿಕೆಯ ವಾದ.

ಅದೇ ವರ್ಷ ಅವರು ಓದು ಮುಗಿಸಲು ಲಂಡನ್ನಿಗೆ ಹೋದರು. ಅವರಿಲ್ಲದೆ ಪತ್ರಿಕೆ ಸೊರಗಿ, 1923ರ ಹೊತ್ತಿಗೆ ನಿಂತೇ ಹೋಯಿತು. ಆದರೆ ಅವರು ಬಿಡಲಿಲ್ಲ. 1927ರ ಮಾರ್ಚಿನಲ್ಲಿ ಮಹಾಡಿನ ಕೆರೆಯ ನೀರು ಮುಟ್ಟಿದರು. ಏಪ್ರಿಲ್ 3ಕ್ಕೆ 'ಬಹಿಷ್ಕೃತ ಭಾರತ' ಶುರುಮಾಡಿದರು. ಬರೆಯುವವರು ಸಾಲದೆ ಅಂಕಣಗಳನ್ನೆಲ್ಲ ತಾವೇ ತುಂಬಿಸಿದ್ದೂ ಉಂಟು. ಸಾಲದಿಂದ ಅದೂ ನಿಂತಿತು. 1930ರಲ್ಲಿ 'ಜನತಾ' ಬಂತು. 1956ರಲ್ಲಿ ಅದರ ಹೆಸರು 'ಪ್ರಬುದ್ಧ ಭಾರತ' ಎಂದಾಯಿತು. ಆ ವರ್ಷದ ಡಿಸೆಂಬರ್ 6ರಂದು ಅವರು ತೀರಿಕೊಂಡರು. ಪತ್ರಿಕೆಯ ಗೀಳು ಕೊನೇವರೆಗೂ ಬಿಡಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ನಮ್ಮ ಈ ಪತ್ರಿಕೆಯ ಹಳೇ ಸಂಚಿಕೆಗಳನ್ನು ತಿರುವಿದೆ. ಬರೆದವರು ಹೆಚ್ಚುಕಡಿಮೆ ಅವೇ ಏಳೆಂಟು ಮಂದಿ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕ್ಲಾಸಿಗೆ ಬರುವವರ ಹೆಸರಿಲ್ಲ. ಹುಡುಗಿಯರದ್ದು ಅಡುಗೆ, ರಂಗೋಲಿ ಅಷ್ಟೇ. ನಾನು ಕನ್ನಡ ಮೀಡಿಯಮ್ಮಿನವನು, ಬೀದರ ಕಡೆಯವನು. ಬೇರೊಂದು ಪತ್ರಿಕೆಗೆ ಕಳಿಸಿದ ನನ್ನ ಲೇಖನ, ಭಾಷೆ ಶುದ್ಧವಿಲ್ಲ ಎಂದು ವಾಪಸ್ ಬಂದಿತ್ತು. ನಮ್ಮವ್ವ ಆಡೋ ಮಾತು ಅಶುದ್ಧ ಹ್ಯಾಂಗಾಗ್ತದ ಅಂತ ನನಗಿನ್ನೂ ತಿಳಿದಿಲ್ಲ.

ಶಾಹು ಮಹಾರಾಜರ ದುಡ್ಡು ನಮಗೆ ಬೇಕಿಲ್ಲ. ಒಂದು ಸ್ಟೆನ್ಸಿಲ್, ಎರಡು ಪುಟ ಸಾಕು. ಮುಂದಿನ ಸಂಚಿಕೆಗೆ ಒಬ್ಬೊಬ್ಬರೂ ಈವರೆಗೆ ಬರೆಯದ ಒಬ್ಬರಿಂದ ಒಂದು ಬರಹ ತನ್ನಿ. ಬರೆಯಲು ಹಿಂಜರಿದರೆ ಅವರು ಹೇಳಲಿ, ನೀವು ಬರೆದುಕೊಳ್ಳಿ. ಹೆಸರು ಮಾತ್ರ ಅವರದ್ದೇ ಇರಲಿ.