ಹೈರಮ್ ಬರ್ಡಾನ್

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಸೈನಿಕನು ಬಂದೂಕಿನ ಬಾಯಿಯಿಂದ ಮದ್ದನ್ನು ಸುರಿದು, ಗುಂಡನ್ನು ಗಜದಿಂದ ಜಡಿದು, ಹಿಂಬದಿಯಲ್ಲಿ ಕೇಪನ್ನು ಕೂರಿಸಿ ಹೊಡೆಯಬೇಕಾಗಿತ್ತು. ಈ ಮೂರನ್ನೂ ಒಂದೇ ಲೋಹದ ಕೋಶದಲ್ಲಿ ಅಡಗಿಸಿದ ತೋಟಾ ಬಂದಮೇಲೆ ಆ ಶ್ರಮವೇನೋ ತಪ್ಪಿತು. ಆದರೆ ಹೊಸ ತೊಡಕೊಂದು ತಲೆದೋರಿತು. ಗುಂಡು ಹಾರಿದ ಮೇಲೆ ಬರಿದಾದ ಕೋಶವು ನಳಿಗೆಯ ಬುಡದಲ್ಲಿಯೇ ಕಚ್ಚಿಕೊಂಡರೆ ಎಂಥ ಬಂದೂಕೂ ಬರಿಯ ದೊಣ್ಣೆಯಾಗುತ್ತಿತ್ತು. ತೋಟಾದ ಇಂಥ ದೋಷಗಳನ್ನು ತಿದ್ದಲು ದುಡಿದವರಲ್ಲಿ ಅಮೆರಿಕದ ಹೈರಮ್ ಬರ್ಡಾನ್ ಮುಖ್ಯನಾದವನು.

ಬರ್ಡಾನ್ 1824ರ ಸೆಪ್ಟೆಂಬರ್ 6ರಂದು ನ್ಯೂಯಾರ್ಕ್ ಸಂಸ್ಥಾನದ ಫೆಲ್ಪ್ಸ್ ಎಂಬಲ್ಲಿ ಜನಿಸಿದನು. ಯಂತ್ರಶಿಲ್ಪಿಯಾಗಿ, ಅದಿರಿನಿಂದ ಚಿನ್ನವನ್ನು ಬೇರ್ಪಡಿಸುವ ಯಂತ್ರವನ್ನು ರಚಿಸಿ ಹಣವನ್ನೂ ಹೆಸರನ್ನೂ ಗಳಿಸಿದನು. ಗುರಿಯಿಟ್ಟು ಹೊಡೆಯುವುದರಲ್ಲಿಯೂ ಅವನದು ಎತ್ತಿದ ಕೈ. 1861ರಲ್ಲಿ ಅಂತರ್ಯುದ್ಧವು ಸಿಡಿದಾಗ ಉತ್ತರದ ಪಕ್ಷಕ್ಕಾಗಿ ಗುರಿಕಾರರ ಪಡೆಗಳನ್ನು ಕಟ್ಟಿದನು. 200 ಗಜ ದೂರದಿಂದ ಹಾರಿಸಿದ ಹತ್ತು ಗುಂಡುಗಳು ಗುರಿಯ ನಡುವಿನಿಂದ ಸರಾಸರಿ ಐದು ಅಂಗುಲದೊಳಗೆ ಬಿದ್ದರೆ ಮಾತ್ರ ಅಲ್ಲಿ ಪ್ರವೇಶ. ಹಸಿರು ಉಡುಪಿನ ಆ ಪಡೆಗಳು ಕೀರ್ತಿ ಪಡೆದವು. ದಳಪತಿಯಾಗಿ ಬರ್ಡಾನನನ್ನು ಅವನ ಸಮಕಾಲೀನರು ಅಷ್ಟಾಗಿ ಮೆಚ್ಚಲಿಲ್ಲವೆಂಬುದನ್ನೂ ಹೇಳಬೇಕು. 1864ರ ಜನವರಿಯಲ್ಲಿ ಅವನು ಸೈನ್ಯವನ್ನು ತೊರೆದನು.

1866ರಲ್ಲಿ ಅವನು ತನ್ನ ಹೊಸ ಬಗೆಯ ತೋಟಾಕ್ಕೆ ಹಕ್ಕುಪತ್ರವನ್ನು ಪಡೆದನು. ಮೊದಲು ಬಳಸಿದ್ದು ತಾಮ್ರದ ಕೋಶ. ಕೇಪನ್ನು ಒತ್ತಿ ಕೂರಿಸುವಾಗ ಕೋಶದ ಆ ಭಾಗ ಉಬ್ಬಿಕೊಳ್ಳುತ್ತಿತ್ತು. ಬರ್ಡಾನ್ ತಾಮ್ರವನ್ನು ಬಿಟ್ಟು ಹಿತ್ತಾಳೆಯನ್ನು ಹಿಡಿದನು. ಕೇಪನ್ನು ಕೂರಿಸುವ ಬಗೆಯನ್ನೂ ತಿದ್ದಿ 1868ರಲ್ಲಿ ಮತ್ತೊಂದು ಹಕ್ಕುಪತ್ರವನ್ನು ಪಡೆದನು. ಮದ್ದು ಉರಿದಾಗ ಕೋಶವು ಹಿಗ್ಗಿ ಗೂಡಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಅದರಿಂದ ಬಿಸಿಯಾದ ಅನಿಲ ಹಿಂದಕ್ಕೆ ಸೋರದು. ಒತ್ತಡವು ಇಳಿದೊಡನೆ ಹಿತ್ತಾಳೆ ತುಸು ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಮೆದುವಾದ ತಾಮ್ರಕ್ಕೆ ಈ ಪುಟಿಯುವ ಗುಣ ಕಡಿಮೆ. ಹಿಗ್ಗಿದರೆ ಹಿಗ್ಗಿದಂತೆಯೇ ನಿಲ್ಲುವುದು ಅದರ ಸ್ವಭಾವ.

ಆದರೂ ಅವನ ದೇಶದ ಸೈನ್ಯವೇ ಮುಂದೆಯೂ ಕೆಲವು ವರ್ಷ ತಾಮ್ರದ ತೋಟಾಗಳನ್ನು ಬಳಸಿತು. 1876ರ ಜೂನ್ 25ರಂದು ಮೊಂಟಾನದ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ ಮತ್ತು ಷೈಯನ್ ಯೋಧರು ಕಸ್ಟರನ ಕುದುರೆಪಡೆಯನ್ನು ಸೋಲಿಸಿದರು. ಕಸ್ಟರನೂ ಅವನೊಡನಿದ್ದ ಇನ್ನೂರಕ್ಕೂ ಹೆಚ್ಚು ಮಂದಿಯೂ ಮಡಿದರು. ಕಚ್ಚಿಕೊಂಡ ಕೋಶಗಳನ್ನು ಸೈನಿಕರು ಚಾಕುವಿನ ತುದಿಯಿಂದ ಮೀಟಿ ತೆಗೆಯಬೇಕಾಯಿತೆಂದು ಬಳಿಕ ವರದಿಯಾಯಿತು. ಸೋಲನ್ನೆಲ್ಲ ತೋಟಾದ ಮೇಲೆ ಹೊರಿಸುವುದು ಮಾತ್ರ ಸರಿಯಲ್ಲ. 1984ರ ಉತ್ಖನನದಲ್ಲಿ ದೊರೆತ ಕೋಶಗಳಲ್ಲಿ ಮೀಟಿದ ಗುರುತುಳ್ಳವು ತೀರ ಕೆಲವೇ. ಹಾಗೆಂದು, ಆ ಕೆಲವನ್ನು ಕೈಯಲ್ಲಿ ಹಿಡಿದಿದ್ದವನಿಗೆ ಈ ಲೆಕ್ಕದಿಂದ ಏನು ಸಮಾಧಾನ!

ಬರ್ಡಾನನಿಗೆ ದೊಡ್ಡ ಮನ್ನಣೆ ದೊರೆತದ್ದು ರಷ್ಯದಲ್ಲಿ. ಅವನ ಬಂದೂಕನ್ನೂ ತೋಟಾವನ್ನೂ ಆ ಸೈನ್ಯವು ಸ್ವೀಕರಿಸಿತು. 1870ರ ಮಾದರಿಯನ್ನು ಮೊದಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಬಳಿಕ ರಷ್ಯದ ತೂಲಾದಲ್ಲಿ ತಯಾರಿಸಲಾಯಿತು.

ಕೇಪಿನ ಕಥೆ ಇನ್ನೂ ವಿಚಿತ್ರ. ಕೇಪಿನೊಳಗಿನ ಮದ್ದು ಸಿಡಿಯಬೇಕಾದರೆ ಕಮ್ಮಾರನ ಅಡಿಗಲ್ಲಿನಂತೆ ಒಂದು ಗಟ್ಟಿ ಆಸರೆ ಬೇಕು. ಬರ್ಡಾನ್ ಅದನ್ನು ಕೋಶದ ತಳದಲ್ಲಿಯೇ ರೂಪಿಸಿ, ಪಕ್ಕದಲ್ಲಿ ಎರಡು ಕಿರುರಂಧ್ರಗಳನ್ನಿಟ್ಟನು. ಅದೇ ಕಾಲದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಆಸರೆಯನ್ನು ಕೇಪಿನೊಳಗೇ ಸೇರಿಸಿ, ಕೋಶದ ನಡುವೆ ಒಂದೇ ರಂಧ್ರವನ್ನಿಟ್ಟನು. ಬಾಕ್ಸರನ ಕೋಶವಾದರೆ ನಡುವಿನ ರಂಧ್ರದಲ್ಲಿ ಕಡ್ಡಿಯನ್ನು ತೂರಿ ಹಳೆಯ ಕೇಪನ್ನು ನೂಕಿ, ಹೊಸದನ್ನು ಕೂರಿಸಿ, ಮದ್ದು ತುಂಬಿ ಮತ್ತೆ ಬಳಸುವುದು ಸುಲಭ. ಬರ್ಡಾನನ ಕೋಶದಲ್ಲಿ ಕಡ್ಡಿಗೆ ಅಡಿಗಲ್ಲೇ ಅಡ್ಡ ಬರುತ್ತದೆ. ಹೀಗಾಗಿ, ಕೋಶವನ್ನು ಮರುತುಂಬುವ ರೂಢಿ ಬಲವಾಗಿದ್ದ ಅಮೆರಿಕದಲ್ಲಿ ಇಂಗ್ಲಿಷರವನ ಕೇಪು ನೆಲೆಯೂರಿತು. ಅಮೆರಿಕದವನ ಕೇಪು ಯೂರೋಪಿನ ಸೈನ್ಯಗಳನ್ನು ಸೇರಿತು.

ಬರ್ಡಾನ್ 1893ರ ಮಾರ್ಚ್ 31ರಂದು ವಾಷಿಂಗ್ಟನ್ನಿನಲ್ಲಿ ನಿಧನನಾದನು. ಅವನ ಸಮಾಧಿಯು ಆರ್ಲಿಂಗ್ಟನ್ನಿನಲ್ಲಿದೆ. ಅದಕ್ಕೆ ಎರಡು ವರ್ಷ ಮೊದಲೇ ರಷ್ಯದ ಸೈನ್ಯವು ಬೇರೊಂದು ಬಂದೂಕನ್ನು ಆರಿಸಿಕೊಂಡಿತ್ತು. ಆದರೆ ಸೈಬೀರಿಯದ ಬೇಟೆಗಾರರು ಆ ಬಳಿಕವೂ ಬಹುಕಾಲ ಹಳೆಯ ಬಂದೂಕನ್ನೇ ಹೆಗಲಿಗೇರಿಸಿ, ಅದನ್ನು ಬರ್ಡಾಂಕಾ ಎಂದು ಕರೆಯುತ್ತ ಕಾಡಿಗೆ ಹೋಗುತ್ತಿದ್ದರು.