ಬಿಳಿಯ ಬೂಟಿನ ಹಿಂದಣ ಬಾಳು

ಶನಿವಾರದ ಬೆಳಗಿನ ಶಾಲೆಗೂ ಬಿಳಿಯ ಕ್ಯಾನ್‌ವಾಸ್ ಬೂಟಿಗೂ ಇದ್ದ ನಂಟನ್ನು ನಮ್ಮಲ್ಲಿ ಅನೇಕರು ಬಲ್ಲರು. ಶುಕ್ರವಾರ ಸಂಜೆ ಅದನ್ನು ತಿಕ್ಕಿ ತೊಳೆದು, ಗೋಡೆಗೊರಗಿಸಿ ಆರಿಸಿ, ಕಲೆ ಉಳಿದೆಡೆಯಲ್ಲಿ ಸೀಮೆಸುಣ್ಣ ಬಳಿಯುವುದು ಒಂದು ವ್ರತವೇ ಆಗಿತ್ತು. ಮರುದಿನ ಕವಾಯತಿನ ಸಾಲಿನಲ್ಲಿ ನಿಂತಾಗ ಜಮೀನ್ದಾರನ ಮಗನ ಕಾಲಿಗೂ ಜವಾನನ ಮಗನ ಕಾಲಿಗೂ ಭೇದ ಕಾಣುತ್ತಿರಲಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ನಾಲ್ಕಾರು ಬರಿಗಾಲುಗಳೂ ಇರುತ್ತಿದ್ದವು. ಆ ಬರಿಗಾಲುಗಳನ್ನು ನೆನೆದಾಗಲೆಲ್ಲ, ಬೂಟಿನ ಬೆಲೆಯನ್ನು ಇಳಿಸುವುದನ್ನೇ ಬಾಳಿನ ಉದ್ಯೋಗವಾಗಿಸಿಕೊಂಡ ಒಬ್ಬನ ಕಥೆ ಮನಸ್ಸಿಗೆ ಬರುತ್ತದೆ.

ಆತನ ಹೆಸರು ತೊಮಾಷ್ ಬಾಟಾ. ಆತನ ನಾಡಿನವರ ನಾಲಗೆಯಲ್ಲಿ ಅದು ಬಾತ್ಯ. ಅಂದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಮೊರಾವಿಯಾ ಪ್ರಾಂತದ ಜ್ಲೀನ್ ಎಂಬ ಸಣ್ಣ ಊರಿನಲ್ಲಿ 1876ರ ಏಪ್ರಿಲ್ 3ರಂದು ಆತನು ಹುಟ್ಟಿದನು. ಮನೆತನದ ಕಸುಬು ತಲೆತಲಾಂತರದಿಂದ ಪಾದರಕ್ಷೆ ಹೊಲಿಯುವುದೇ. 1894ರಲ್ಲಿ, ಹದಿನೆಂಟರ ಹರೆಯದಲ್ಲಿ, ಅಣ್ಣ ಆಂಟೊನಿನ್ ಮತ್ತು ಅಕ್ಕ ಆನಾರೊಡಗೂಡಿ ಆತನು ಸ್ವಂತ ಕಾರ್ಖಾನೆಯನ್ನು ತೆರೆದನು. ತಾಯಿಯಿಂದ ಬಂದ ಅಲ್ಪ ಹಣವೇ ಬಂಡವಾಳ. ಹತ್ತು ಮಂದಿ ಕೆಲಸಗಾರರು.

ವರ್ಷ ತುಂಬುವುದರೊಳಗೆ ಸಾಲ ಕೊರಳಿಗೆ ಸುತ್ತಿಕೊಂಡಿತು. ಅಣ್ಣನಿಗೆ ಸೈನ್ಯದ ಕರೆ ಬಂದಿತು. ಭಾರವೆಲ್ಲ ತಮ್ಮನ ಹೆಗಲೇರಿತು. ಈ ಇಕ್ಕಟ್ಟಿನಲ್ಲಿ ಆತನು ದುಬಾರಿಯಾದ ತೊಗಲನ್ನು ಬದಿಗಿಟ್ಟು, ಒರಟು ಬಟ್ಟೆಯ ಮೇಲುಹೊದಿಕೆಗೆ ತೊಗಲಿನ ಅಟ್ಟೆ ಜೋಡಿಸಿ ಹಗುರವಾದ ಬೂಟನ್ನು ಹೊಲಿಸಿದನು. ತೊಗಲಿನ ಬೂಟಿಗೆ ಹಣವಿಲ್ಲದ ಜನ ಅದನ್ನು ಮುಗಿಬಿದ್ದು ಕೊಂಡರು. ಸಾಲ ತೀರಿತು, ಕಾರ್ಖಾನೆ ಬೆಳೆಯಿತು. ಹೀಗೆ ಬಾಟಾ ಎಂಬ ಮಹಾಸಂಸ್ಥೆಯ ಅಡಿಗಲ್ಲು ಬಡತನದಿಂದ ಹುಟ್ಟಿದ ಒಂದು ಕ್ಯಾನ್‌ವಾಸಿನ ಬೂಟು ಎಂದರೆ ತಪ್ಪಾಗಲಾರದು.

1904ರಲ್ಲಿ ಆತನು ಮೂವರು ಕೆಲಸಗಾರರನ್ನು ಜೊತೆಗೆ ಕರೆದುಕೊಂಡು ಅಮೆರಿಕೆಗೆ ಹೋದನು. ಬಾಸ್ಟನ್ ಬಳಿಯ ಲಿನ್ ಪಟ್ಟಣದ ಬೂಟಿನ ಕಾರ್ಖಾನೆಯಲ್ಲಿ ಸಾಮಾನ್ಯ ಕೂಲಿಯಂತೆ ದುಡಿದು ಯಂತ್ರಗಳ ಮರ್ಮವನ್ನು ಅರಿತು ಮರಳಿದನು. ಮೊದಲನೆಯ ಮಹಾಯುದ್ಧ ಸೈನಿಕರ ಬೂಟುಗಳಿಂದ ಆತನಿಗೆ ಸಂಪತ್ತನ್ನು ತಂದಿತು; ಯುದ್ಧಾನಂತರದ ಮುಗ್ಗಟ್ಟು ಅದನ್ನೆಲ್ಲ ನುಂಗಲು ಬಾಯ್ದೆರೆಯಿತು.

ಆಗ, 1922ರಲ್ಲಿ, ಆತನು ಕೈಗೊಂಡ ನಿರ್ಧಾರವನ್ನು ಕಂಡು ಇತರ ವರ್ತಕರು ನಕ್ಕರು. ಬೂಟಿನ ಬೆಲೆಯನ್ನು ಒಮ್ಮೆಗೇ ಅರ್ಧಕ್ಕೆ ಇಳಿಸಿದನು. ಕೆಲಸಗಾರರ ಕೂಲಿಯೂ ಇಳಿಯಿತು. ಅದಕ್ಕೆ ಪ್ರತಿಯಾಗಿ ಆಹಾರ, ಬಟ್ಟೆಗಳನ್ನು ಅರ್ಧ ಬೆಲೆಗೆ ಒದಗಿಸಿದನು. ಅಂಗಡಿಗಳ ಮುಂದೆ ಜನ ಸಾಲುಗಟ್ಟಿದರು. ನಗುವವರು ಬಾಗಿಲು ಮುಚ್ಚುವ ಸ್ಥಿತಿಗೆ ಬಂದರು. ಮುಂದೆ ಆತನು ಕೆಲಸಗಾರರಿಗೆ ಲಾಭದಲ್ಲಿ ಪಾಲು ಕೊಟ್ಟನು. ಇಟ್ಟಿಗೆಯ ಪುಟ್ಟ ಮನೆಗಳನ್ನೂ ಆಸ್ಪತ್ರೆಯನ್ನೂ ಕಟ್ಟಿಸಿದನು. ಬಾಲಕರು ದುಡಿದು ತಮ್ಮ ಅನ್ನವನ್ನು ತಾವೇ ಗಳಿಸುತ್ತ ಓದುವ ಶಾಲೆಯೊಂದನ್ನು 1925ರಲ್ಲಿ ತೆರೆದನು. 1923ರಿಂದ ಕೊನೆಯವರೆಗೂ ಊರಿನ ಮೇಯರ್ ಆಗಿದ್ದವನೂ ಆತನೇ.

ಆದರೆ ಆತನನ್ನು ಕೇವಲ ಕರುಣಾಮಯಿಯೆಂದು ಚಿತ್ರಿಸಿದರೆ ಚರಿತ್ರೆಗೆ ಅಪಚಾರವಾದೀತು. ಆ ಕಾರ್ಖಾನೆಯಲ್ಲಿ ಗಡಿಯಾರವೇ ಅರಸು. ಚಲಿಸುವ ಪಟ್ಟಿಯ ವೇಗಕ್ಕೆ ಮನುಷ್ಯನ ಕೈ ಹೊಂದಿಕೊಳ್ಳಬೇಕಿತ್ತು. ಕಾರ್ಮಿಕ ಸಂಘಗಳೆಂದರೆ ಯಜಮಾನನಿಗೆ ಆಗದು. ಮನೆಯೂ ಆತನದೇ, ಅಂಗಡಿಯೂ ಆತನದೇ, ಊರಿನ ಆಡಳಿತವೂ ಆತನದೇ ಆದಾಗ ಕೆಲಸ ಕಳೆದುಕೊಂಡವನು ಹೋಗುವುದೆಲ್ಲಿಗೆ? ಅಗ್ಗದ ಬೂಟಿನ ಬೆಲೆಯಲ್ಲಿ ಯಾರದೋ ಬೆವರಿನ ಪಾಲು ಅಡಗಿರುತ್ತದೆಂಬುದನ್ನು ಮೆಚ್ಚುವವರೂ ಮರೆಯಬಾರದು.

1931ರ ಕೊನೆಯಲ್ಲಿ ಆತನು ವಿಮಾನವೇರಿ ಪೂರ್ವದೇಶಗಳ ಪ್ರವಾಸಕ್ಕೆ ಹೊರಟು ಭಾರತಕ್ಕೂ ಬಂದನು. ಕೋಟ್ಯಂತರ ಬರಿಗಾಲುಗಳ ಈ ನೆಲದಲ್ಲಿ ತನ್ನ ಕಸುಬಿಗೆ ಭವಿಷ್ಯವಿದೆಯೆಂದು ಆತನು ಬಗೆದಿದ್ದನು. ಕಲ್ಕತ್ತೆಯ ಸಮೀಪದ ಕೊನ್ನಗರದಲ್ಲಿ ಕೆಲಸ ಆರಂಭವಾಯಿತು. ಆದರೆ ಅದರ ಫಲವನ್ನು ಕಾಣುವ ಯೋಗ ಆತನಿಗಿರಲಿಲ್ಲ. 1932ರ ಜುಲೈ 12ರ ಮುಂಜಾನೆ, ಸ್ವಿಟ್ಜರ್ಲೆಂಡಿಗೆ ಹೊರಟ ಆತನ ವಿಮಾನ ಓಟ್ರೊಕೊವಿತ್ಸೆಯ ನಿಲ್ದಾಣದಿಂದ ಮೇಲೇರಿದೊಡನೆ ದಟ್ಟ ಮಂಜಿನಲ್ಲಿ ನೆಲಕ್ಕಪ್ಪಳಿಸಿತು. ಆತನೂ ಚಾಲಕನೂ ಮಡಿದರು. ಆಗ ಆತನಿಗೆ ಐವತ್ತಾರು ವರ್ಷ.

ಮಲತಮ್ಮ ಯಾನ್ ಆಂಟೊನಿನ್ ಕಾರ್ಯವನ್ನು ಮುಂದುವರಿಸಿದನು. 1934ರಲ್ಲಿ ಹೂಗ್ಲಿಯ ದಂಡೆಯಲ್ಲಿ ಬಾಟಾನಗರಕ್ಕೆ ಅಸ್ತಿಭಾರ ಬಿದ್ದಿತು. ರಬ್ಬರಿನ ಅಟ್ಟೆ, ಕ್ಯಾನ್‌ವಾಸಿನ ಮೈ ಹೊತ್ತ ಬಿಳಿಯ ಬೂಟು ಅಲ್ಲಿಂದ ಹೊರಟು ನಮ್ಮ ಶಾಲೆಗಳ ಅಂಗಳವನ್ನು ಮುಟ್ಟಿತು. ಅತ್ತ ಜ್ಲೀನಿನ ಕಾರ್ಖಾನೆ 1945ರಲ್ಲಿ ರಾಷ್ಟ್ರದ ಸ್ವತ್ತಾಯಿತು. ಊರು ತನ್ನ ಹೆಸರನ್ನೇ 1949ರಲ್ಲಿ ಕಳೆದುಕೊಂಡು 1990ರಲ್ಲಿ ಮರಳಿ ಪಡೆಯಿತು. ಬೆಟ್ಟದ ಓರೆಯಲ್ಲಿ ಗಾಜಿನ ಗೋಡೆಗಳ ಸ್ಮಾರಕವೊಂದು ಇಂದಿಗೂ ನಿಂತಿದೆ.

ಈಗಿನ ಮಕ್ಕಳ ಬೂಟುಗಳಿಗೆ ಬಣ್ಣ ಹಲವು, ಬೆಲೆಯೂ ಹಲವು. ಕಾಲನ್ನು ನೋಡಿಯೇ ತಂದೆಯ ಸಂಬಳವನ್ನು ಊಹಿಸಬಹುದು. ನಮ್ಮ ಬಿಳಿಯ ಬೂಟು ಆ ಗುಟ್ಟನ್ನು ಕೆಲಮಟ್ಟಿಗೆ ಕಾಪಾಡಿತ್ತು. ಒಂದು ವರ್ಷ, ಸ್ವಾತಂತ್ರ್ಯೋತ್ಸವದ ಮುನ್ನಾದಿನ, ಹಿಂದಿನ ಸಾಲಿನ ಗೆಳೆಯನೊಬ್ಬ ಮೊದಲ ಬಾರಿಗೆ ಬಿಳಿಯ ಬೂಟು ತೊಟ್ಟು ಬಂದನು. ಮೈದಾನದ ಕೆಂಪು ಮಣ್ಣು ತಾಗದಿರಲೆಂದು ಅವುಗಳನ್ನು ಕೈಯಲ್ಲಿ ಹಿಡಿದು, ಸಾಲು ನಿಲ್ಲುವ ಜಾಗದವರೆಗೆ ಬರಿಗಾಲಿನಲ್ಲಿಯೇ ನಡೆದನು. ಅಂದು ಅವನು ನಿಂತದ್ದು ಮೊದಲನೆಯ ಸಾಲಿನಲ್ಲಿ.